ಹದಿನಾರು ದಾಟಿದ ನಮ್ ಸ್ಪೆಷಲ್ ಮಕ್ಕಳನ್ನ ದೊಡ್ಡವರ ಬದುಕಿಗೆ ರೆಡಿ ಮಾಡೋದು ಹೆಂಗೆ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ನಮ್ ಶಿವಮೊಗ್ಗದ ಸ್ಕೂಲಿಗೆ ಅಪ್ಪ ಅಮ್ಮಂದಿರು ಬರ್ತಾರೆ. ಮಗನ ಕೈ ಹಿಡ್ಕೊಂಡೇ ಬರ್ತಾರೆ, ಮಗ ಅಪ್ಪನಿಗಿಂತ ಎರಡಿಂಚು ಎತ್ತರ ಇರ್ತಾನೆ, ಮೀಸೆ ಬಂದಿರತ್ತೆ, ಆದ್ರೂ ಕೈ ಬಿಟ್ಟಿರಲ್ಲ. "ಮುಂದೆ ಎಂತ ಕೋರ್ಸಿಗೆ ಹಾಕೋದು ಮೇಡಂ" ಅಂತ ಕೇಳ್ತಾರೆ. ನಾನು ವಾಪಸ್ ಕೇಳೋದು ಒಂದೇ, ಬೆಳಿಗ್ಗೆ ಇವನ ಬ್ರಶ್ಶಿಗೆ ಪೇಸ್ಟ್ ಹಾಕೋದು ಯಾರು? ಹತ್ತರಲ್ಲಿ ಒಂಬತ್ತು ಮನೇಲಿ ಅಮ್ಮ ಮುಖ ತಗ್ಗಿಸ್ತಾರೆ, ಅಪ್ಪ ಗಡಿಯಾರ ನೋಡ್ತಾರೆ. ಬೈಯೋಕೆ ಕೇಳೋದಲ್ಲ ಮಾರಾಯ್ರೆ, ಎಲ್ಲಿಂದ ಶುರು ಮಾಡ್ಬೇಕು ಅಂತ ಗೊತ್ತಾಗ್ಲಿ ಅಂತ ಕೇಳೋದು.

ಇಂಗ್ಲೆಂಡಲ್ಲಿ 16ರಿಂದ 18ರ ತನಕದ ಓದಿಗೆ ಸಿಕ್ಸ್ತ್ ಫಾರ್ಮ್ ಅಂತಾರೆ, ನಮ್ ಪಿಯುಸಿ ವಯಸ್ಸು ಅಂದ್ಕೊಳಿ. ಅಲ್ಲಿ ಸ್ಪೆಷಲ್ ಮಕ್ಕಳ ವಿಷಯದಲ್ಲಿ ದೊಡ್ಡವರಾಗೋ ಪ್ಲಾನಿಂಗು 13-14 ವರ್ಷಕ್ಕೇ ಶುರುವಾಗ್ಬೇಕು ಅಂತ ನಿಯಮ ಇದೆ, ನಾಲ್ಕು ವಿಷಯ ಇಟ್ಕೊಂಡು ನೋಡ್ತಾರೆ, ಕೆಲಸ, ಸ್ವಂತವಾಗಿ ಬದುಕೋದು, ಊರವರ ಜೊತೆ ಬೆರೆಯೋದು, ಆರೋಗ್ಯ. ಬೇಕಾದ ಮಕ್ಕಳಿಗೆ ಆ ಪ್ಲಾನು 25 ವರ್ಷದ ತನಕನೂ ನಡೀಬಹುದು. ನಮ್ಮಲ್ಲಿ 2016ರ ಅಂಗವಿಕಲರ ಹಕ್ಕು ಕಾಯ್ದೆ ಪ್ರಕಾರ ವೈಕಲ್ಯ 40 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಇರೋ ಮಕ್ಕಳಿಗೆ 6ರಿಂದ 18ರ ತನಕ ಉಚಿತ ಶಿಕ್ಷಣದ ಹಕ್ಕಿದೆ, ಆದ್ರೆ 18 ಆದ ಮಾರನೇ ದಿನ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗೋದು ಅನ್ನೋದಕ್ಕೆ ಯಾರೂ ಕೂತು ಪ್ಲಾನ್ ಬರೆಯಲ್ಲ. ನಾವೇ ಬರೀಬೇಕು. ನಾನು ಹದಿನಾಲ್ಕು ವರ್ಷದಿಂದ ಈ ವಯಸ್ಸಿನ ಮಕ್ಕಳ ಜೊತೆನೇ ಇದೀನಿ, ಬುದ್ಧಿಮಾಂದ್ಯತೆ, ಆಟಿಸಂ, ಡೌನ್ ಸಿಂಡ್ರೋಮ್ ಇರೋ ಮಕ್ಕಳು ಜಾಸ್ತಿ. ಹಂಗಾಗಿ ಇಲ್ಲಿ ಬರೆಯೋದೂ ಆ ಮಕ್ಕಳನ್ನ ನೋಡ್ಕೊಂಡೇ.

ಮೊದಲು ಒಂದು ನೋಟ್‌ಬುಕ್ ತಗೊಳಿ, ಒಂದು ವಾರ ಸುಮ್ನೆ ಬರೀರಿ. ಅವನಿಗಾಗಿ ನೀವು ಏನೇನ್ ಮಾಡಿದ್ರಿ ಅಷ್ಟೇ. ಬಟನ್ ಹಾಕ್ದೆ, ಅನ್ನ ಕಲಸಿಕೊಟ್ಟೆ, ನೆಂಟರು ಹೆಸರು ಕೇಳಿದ್ರೆ ನಾನೇ ಹೇಳ್ದೆ, ಚಪ್ಪಲಿ ತಿರುಗಿಸಿ ಇಟ್ಟೆ. ಒಬ್ರು ಅಮ್ಮ ಎರಡೇ ದಿನಕ್ಕೆ ನಾಲ್ಕು ಪೇಜ್ ತುಂಬಿಸಿ ತಂದು ಕೊಟ್ಟು "ಇಷ್ಟೆಲ್ಲ ನಾನೇ ಮಾಡ್ತಿದೀನಾ" ಅಂತ ಅತ್ತುಬಿಟ್ರು. ಆ ಪಟ್ಟೀಲಿ ಮೂರೇ ಮೂರು ಆರಿಸಿ, ಮೂರು ತಿಂಗಳಿಗೆ. ಹತ್ತು ಆರಿಸಿದ್ರೆ ಒಂದೂ ಆಗಲ್ಲ, ನೋಡಿ ನೋಡಿ ಸಾಕಾಗಿ ಹೇಳ್ತಿದೀನಿ.

ಯಾವ ಮೂರು ಅನ್ನೋದಕ್ಕೆ ನನ್ನ ಲೆಕ್ಕ ಇಷ್ಟು. ಇಪ್ಪತ್ತೈದನೇ ವಯಸ್ಸಲ್ಲಿ ಈ ಹುಡುಗ ಎಲ್ಲಿರ್ತಾನೆ? ಹೊಸನಗರ ಕಡೆ ತೋಟದ ಮನೇಲಾ, ಇಲ್ಲ ವಿನೋಬನಗರದಲ್ಲಿ ಬಾಡಿಗೆ ಮನೇಲಾ? ಆ ಮನೆಗೆ ಏನು ಬೇಕೋ ಅದು ಕಲಿಸಿ. ನಾವೇ ಮಾಡಿದ ತಪ್ಪು ಹೇಳ್ತೀನಿ ಕೇಳಿ, ಸ್ಕೂಲಲ್ಲಿ ಯಾರೋ ಪುಣ್ಯಾತ್ಮರು ದಾನ ಕೊಟ್ಟಿದ್ರು ಅಂತ ಎಲ್ರಿಗೂ ಗೀಸರ್ ಆನ್ ಮಾಡೋದು ಆಫ್ ಮಾಡೋದು ಕಲಿಸಿದ್ವಿ, ಚಿತ್ರ ಅಂಟಿಸಿ, ಚಪ್ಪಾಳೆ ತಟ್ಟಿ, ಎಲ್ಲ ಆಯ್ತು. ಆಮೇಲೆ ಒಬ್ಬ ಹುಡುಗನ ಮನೆಗೆ ಹೋದ್ರೆ ಬಚ್ಚಲಲ್ಲಿ ಹಂಡೆ ಒಲೆ! ಅವನಿಗೆ ಬೇಕಾಗಿದ್ದು ಒಣಗಿದ ಅಡಿಕೆ ಹಾಳೆ, ಸಿಪ್ಪೆ ಹಾಕಿ ಬೆಂಕಿ ಮಾಡೋದು, ಉರಿ ಮುಂದೆ ಬಂದ್ರೆ ಕೋಲಲ್ಲಿ ಒಳಗೆ ತಳ್ಳೋದು, ಬಿಸಿನೀರಿಗೆ ಎಷ್ಟು ಚೊಂಬು ತಣ್ಣೀರು ಬೆರೆಸೋದು ಅನ್ನೋದು. ಗೀಸರ್ ಅವನು ಮತ್ತೆ ಕಣ್ಣಲ್ಲಿ ನೋಡ್ಲೇ ಇಲ್ಲ. ಈ ಮಕ್ಕಳಲ್ಲಿ ಸುಮಾರು ಜನಕ್ಕೆ ಒಂದು ಜಾಗದಲ್ಲಿ ಕಲಿತಿದ್ದು ಇನ್ನೊಂದು ಜಾಗಕ್ಕೆ ತಾನಾಗಿ ಬರಲ್ಲ, ಕ್ಲಾಸಿನ ಪ್ಲಾಸ್ಟಿಕ್ ನೋಟು ಅಂಗಡಿಗೆ ಬರಲ್ಲ, ಅದಕ್ಕೇ ಎಲ್ಲಿ ಬಳಸ್ತಾನೋ ಅಲ್ಲೇ, ಯಾವ ಪಾತ್ರೇಲಿ ಮಾಡ್ತಾನೋ ಆ ಪಾತ್ರೇಲೇ ಕಲಿಸಿ.

ಕಲಿಸೋ ರೀತಿ

ಒಂದು ಕೆಲಸನ ಚಿಕ್ಕ ಚಿಕ್ಕ ತುಂಡು ಮಾಡಿ. ಕುಕ್ಕರಲ್ಲಿ ಅನ್ನಕ್ಕಿಡೋದು ಅಂದ್ರೆ ನಮಗೆ ಒಂದು ಕೆಲಸ, ಬಿಡಿಸಿ ಬರೆದ್ರೆ ಹದಿನೈದಿಪ್ಪತ್ತು ಹೆಜ್ಜೆ ಆಗತ್ತೆ. ಮೊದಲನೇ ಹೆಜ್ಜೆಯಿಂದ ಕಲಿಸಿದ್ರೆ ಮಗು ಎಂಟನೇ ಹೆಜ್ಜೇಲಿ ಸುಸ್ತಾಗತ್ತೆ, ಅನ್ನ ಬೆಂದಿದ್ದು ನೋಡೋದೇ ಇಲ್ಲ. ಅದಕ್ಕೆ ಹಿಂದಿನಿಂದ ಬನ್ನಿ. ಎಲ್ಲಾ ನೀವೇ ಮಾಡಿ, ಕೊನೇ ಹೆಜ್ಜೆ, ಗ್ಯಾಸ್ ಆಫ್ ಮಾಡೋದು ಮಾತ್ರ ಅವನದ್ದು. ಅದು ಬಂದ ಮೇಲೆ ಕೊನೇ ಎರಡು ಹೆಜ್ಜೆ. ಆಮೇಲೆ ಮೂರು. ದಿನಾ ಕೆಲಸ ಮುಗಿಸಿದ್ದು ಅವನೇ ಅಂತ ಆಗತ್ತೆ, ಆ ಖುಷಿ ಬೇರೆ.

ಸೀಟಿ ಎಣಿಸೋಕೆ ಬರದೇ ಇದ್ರೆ ಒಲೆ ಪಕ್ಕ ಮೂರು ಹುಣಸೆ ಬೀಜ, ಒಂದು ಲೋಟ. ಒಂದು ಸೀಟಿಗೆ ಒಂದು ಬೀಜ ಲೋಟಕ್ಕೆ. ಬೀಜ ಖಾಲಿ ಆದ್ರೆ ಗ್ಯಾಸ್ ಆಫ್. ಇದು ಯಾವ ಟ್ರೈನಿಂಗಲ್ಲೂ ಹೇಳಿಕೊಟ್ಟಿದ್ದಲ್ಲ, ಸಾಗರದ ಕಡೆಯ ಒಬ್ರು ಅಜ್ಜಿ ಕಂಡುಹಿಡಿದಿದ್ದು. ನಮ್ ಸ್ಕೂಲಲ್ಲಿ ಈಗ ಬಾಟಲಿ ತುಂಬ ಹುಣಸೆ ಬೀಜ ಇದೆ.

ಇನ್ನೊಂದು, ಇದು ಅತೀ ಕಷ್ಟ, ಬಾಯಿ ಮುಚ್ಕೊಂಡು ಇರೋದು. ಅವನು ಬಟ್ಟೆ ಮಡಿಸ್ತಾ ನಿಂತುಬಿಟ್ಟ ಅಂದ್ಕೊಳಿ, ನಮ್ಮ ಬಾಯಿ ತಾನಾಗಿ "ಈಗ ತೋಳು ಒಳಗೆ ಹಾಕು" ಅಂದುಬಿಡತ್ತೆ. ಹೇಳ್ಬೇಡಿ, ಮನಸ್ಸಲ್ಲಿ ಹತ್ತು ಎಣಿಸಿ. ಆಮೇಲೂ ಆಗ್ಲಿಲ್ವಾ, ಕಣ್ಣಲ್ಲಿ ತೋರ್ಸಿ. ಆಗ್ಲಿಲ್ವಾ, ಬೆರಳಲ್ಲಿ. ಕೊನೆಗೆ ಕೈ ಹಿಡಿದು. ಮಾತಲ್ಲಿ ಹೇಳೋದನ್ನ ಕಡಿಮೆ ಮಾಡಿ ಅಂತ ಯಾಕೆ ಹೇಳ್ತೀನಿ ಅಂದ್ರೆ ಕೈ ಹಿಡಿಯೋದನ್ನ ಬಿಡಿಸೋದು ಸುಲಭ, ಮಾತು ಬಿಡಿಸೋದು ಭಾಳ ಕಷ್ಟ, ಮಗು ನಿಮ್ಮ ಮಾತನ್ನೇ ಆ ಕೆಲಸದ ಒಂದು ಭಾಗ ಅಂದ್ಕೊಂಡುಬಿಡತ್ತೆ. "ಹೂಂ ತಿನ್ನು" ಅನ್ನದೇ ಊಟ ಶುರು ಮಾಡದ ಹತ್ತೊಂಬತ್ತು ವರ್ಷದವ್ರು ಇದಾರೆ ನಮ್ಮಲ್ಲಿ. ತಟ್ಟೆ ಮುಂದೆ ಸುಮ್ನೆ ಕೂತಿರ್ತಾರೆ, ಸಾರು ತಣ್ಣಗಾಗ್ತಾ ಇರತ್ತೆ.

ದುಡ್ಡು

ಕೂಡೋದು ಕಳೆಯೋದು ಬರಲ್ಲ ಅಂತ ದುಡ್ಡಿನ ಪಾಠನೇ ಬಿಟ್ಟುಬಿಡ್ತಾರೆ. ಬೇಕಾಗಿಲ್ಲ. ಅಂಗಡಿಯವ್ರು 28 ಅಂದ್ರೆ ಎರಡು ಹತ್ತು, ಮೇಲೊಂದು ಹತ್ತು ಕೊಡು. 43 ಅಂದ್ರೆ ನಾಲ್ಕು ಹತ್ತು, ಮೇಲೊಂದು. ಅಷ್ಟೇ ರೂಲು, ಚಿಲ್ಲರೆ ವಾಪಸ್ ಬರತ್ತೆ, ಬರೋ ತನಕ ನಿಂತ್ಕೋ ಅನ್ನೋದನ್ನ ಬೇರೆಯಾಗಿ ಕಲಿಸಿ, ಸುಮಾರು ಮಕ್ಕಳು ಸಾಮಾನು ಸಿಕ್ಕ ತಕ್ಷಣ ಹೊರಟುಬಿಡ್ತಾರೆ. ಪರ್ಸಲ್ಲಿ ಬರೀ ಹತ್ತರ ನೋಟು ಇಟ್ಟು ಶುರು ಮಾಡಿ. ಬಣ್ಣ ನೋಡಿ ನೋಟು ಗುರುತಿಸೋ ಮಕ್ಕಳಿಗೆ ಒಂದು ತೊಂದ್ರೆ ಇದೆ, 20ರದ್ದು ಹಸಿರು ಮಿಶ್ರ ಹಳದಿ, 200ರದ್ದು ಕಡು ಹಳದಿ, ಅಂಗಡಿಯ ಮಂದ ಬೆಳಕಲ್ಲಿ ನನಗೇ ಒಂದೊಂದು ಸಲ ಕನ್ಫ್ಯೂಸ್ ಆಗತ್ತೆ. 200ರ ನೋಟು ಪರ್ಸಿಗೇ ಹಾಕ್ಬೇಡಿ ಅಂತ ನಾನು ಮೊದಲೇ ಹೇಳಿಬಿಡ್ತೀನಿ.

ಗಾಂಧಿ ಬಜಾರಲ್ಲಿ ಒಂದು ಅಂಗಡಿಗೆ ವಾರಕ್ಕೊಂದ್ಸಲ ಮಕ್ಕಳನ್ನ ಕರ್ಕೊಂಡು ಹೋಗ್ತಿದ್ವಿ. ಅಂಗಡಿಯವ್ರು ತುಂಬಾ ಒಳ್ಳೆಯವ್ರು, ಒಳ್ಳೆಯತನನೇ ಪ್ರಾಬ್ಲಮ್ ಆಯ್ತು. ಒಬ್ಬ ಹುಡುಗ ಹೋದಾಗೆಲ್ಲ ಬಿಸ್ಕತ್ ಪ್ಯಾಕೆಟ್ ಕೈಗಿಟ್ಟು "ಬ್ಯಾಡ ಮಗ ದುಡ್ಡು" ಅಂತಿದ್ರು. ಎರಡು ತಿಂಗಳಲ್ಲಿ ಅವನು ಕಲಿತಿದ್ದು ಏನಂದ್ರೆ ಅಂಗಡಿಗೆ ಹೋದ್ರೆ ಸಾಕು ಬಿಸ್ಕತ್ ಕೊಡ್ತಾರೆ ಅಂತ! ಇನ್ನೊಂದು ಊರಲ್ಲಿ ಹಂಗೇ ಎತ್ಕೊಂಡು ಹೊರಟ, ಕಳ್ಳ ಅಂತ ಹಿಡ್ಕೊಂಡ್ರು. ಅದಕ್ಕೆ ಅಂಗಡಿಯವ್ರಿಗೆ ಮೊದಲೇ ಕೈ ಮುಗಿದು ಹೇಳ್ಬಿಡಿ, ದಯವಿಟ್ಟು ಪೂರ್ತಿ ದುಡ್ಡು ತಗೊಳಿ, ಉಳಿದವ್ರಿಗೆ ಹೆಂಗೋ ಹಂಗೇ.

ಮೊಬೈಲಲ್ಲಿ ಸ್ಕ್ಯಾನ್ ಮಾಡೋದು ಈ ಮಕ್ಕಳಿಗೆ ನೋಟಿಗಿಂತ ಬೇಗ ಬರತ್ತೆ, ಭಯ ನಮಗೆ. ಯುಪಿಐ ಸರ್ಕಲ್ ಅಂತ ಒಂದಿದೆ, ನಿಮ್ಮ ಖಾತೆಗೆ ಅವರನ್ನ ಸೇರಿಸಬಹುದು, ಒಂದು ರೀತೀಲಿ ಅವರು ಪೇ ಮಾಡಿದಾಗೆಲ್ಲ ನಿಮ್ಮ ಫೋನಿಗೆ ಕೇಳ್ಕೊಂಡು ಬರತ್ತೆ, ನೀವು ಪಿನ್ ಹಾಕಿದ್ರೆ ಮಾತ್ರ ದುಡ್ಡು ಹೋಗತ್ತೆ, ಇನ್ನೊಂದು ರೀತೀಲಿ ನೀವೇ ತಿಂಗಳಿಗೆ ಇಷ್ಟು ಅಂತ ಮಿತಿ ಹಾಕಿಟ್ಟು ಬಿಡಬಹುದು. ಮೊದಲನೇದ್ರಿಂದ ಶುರು ಮಾಡಿ. ಪಿನ್ ಯಾರು ಕೇಳಿದ್ರೂ ಹೇಳ್ಬಾರ್ದು ಅಂತ ಕಲಿಸೋಕೆ ನಾವೇ ನಾಟಕ ಮಾಡ್ತೀವಿ, ಒಂದಿನ ಟೀಚರ್ ಕೇಳೋದು, ಒಂದಿನ ಆಯಾ ಕೇಳೋದು, ಒಂದಿನ ಗೊತ್ತಿಲ್ಲದವ್ರು. ಟೀಚರಿಗೂ ಹೇಳ್ದೇ ಇದ್ರೆ ಪಾಸ್.

ಬಸ್ಸು

ಇಡೀ ಎರಡು ವರ್ಷದಲ್ಲಿ ಒಂದೇ ಒಂದು ಕಲಿಸೋಕೆ ಆಗೋದು ಅಂತಿದ್ರೆ ನಾನು ಬಸ್ಸೇ ಆರಿಸೋದು. ಒಬ್ಬನೇ ಬಸ್ ಹತ್ತಿ ಇಳಿಯೋಕೆ ಬಂದ್ರೆ ಕೆಲಸಕ್ಕೆ ಹೋಗಬಹುದು, ಅಕ್ಕನ ಮನೆಗೆ ಹೋಗಬಹುದು, ಜಾತ್ರೆಗೆ ಹೋಗಬಹುದು. ಬರದೇ ಇದ್ರೆ ಏನೇ ಕಲಿತಿದ್ರೂ ಮನೆ ಜಗಲೀಲೇ.

ತೀರ್ಥಹಳ್ಳಿ ರೂಟಲ್ಲಿ ಮಂಡಗದ್ದೆಗೆ ಹೋಗೋ ಹುಡುಗನ ಉದಾಹರಣೆ ತಗೊಳಿ. ಮೊದಲ ವಾರ ಪಕ್ಕದಲ್ಲಿ ಕೂತ್ಕೊಂಡು ಹೋಗಿ, ಗುರುತು ಹೇಳಿಸ್ತಾ ಹೋಗಿ, ಗಾಜನೂರು ಡ್ಯಾಮ್ ಬಂತು, ಸಕ್ರೆಬೈಲು ಆನೆ ಬಿಡಾರ ಬಂತು, ಇನ್ನು ಮುಂದಿಂದು ನಮ್ಮದು. ಎರಡನೇ ವಾರ ಅವನ ಹಿಂದಿನ ಸೀಟಲ್ಲಿ ಕೂರಿ, ಮಾತಾಡ್ಬೇಡಿ. ಮೂರನೇದ್ರಲ್ಲಿ ನೀವು ಹಿಂದಿನ ಬಾಗಿಲು, ಅವನು ಮುಂದಿನ ಬಾಗಿಲು, ಟಿಕೆಟ್ ಅವನೇ ತಗೋಬೇಕು. ಆಮೇಲೆ ನೀವು ಬಸ್ಸೇ ಹತ್ತಬೇಡಿ, ಬೈಕಲ್ಲಿ ಹಿಂದೆ ಬನ್ನಿ. ಕೊನೆಗೆ ಶಿವಮೊಗ್ಗದಲ್ಲಿ ಒಬ್ರು ಹತ್ತಿಸೋದು, ಅಲ್ಲಿ ಒಬ್ರು ಕಾಯೋದು. ಕೆಲವ್ರಿಗೆ ಒಂದು ತಿಂಗಳು ಸಾಕು, ಕೆಲವ್ರಿಗೆ ಒಂದು ವರ್ಷ ಬೇಕು, ಹಿಂದಿನ ಹೆಜ್ಜೆಗೆ ವಾಪಸ್ ಹೋಗ್ಬೇಕಾಗಿ ಬಂದ್ರೆ ಬೇಜಾರ್ ಮಾಡ್ಕೋಬೇಡಿ.

ಗುರುತು ಆರಿಸೋವಾಗ ನಾನು ಒಂದು ಸಲ ಎಡವಿದೀನಿ. ಒಬ್ಬ ಹುಡುಗನಿಗೆ ಇಳಿಯೋ ಜಾಗ ಅಂತ ರಸ್ತೆ ಪಕ್ಕದ ಒಂದು ದೊಡ್ಡ ಫ್ಲೆಕ್ಸ್ ತೋರಿಸಿದ್ದೆ, ಜಾತ್ರೆಗೆ ಹಾಕಿದ್ದು, ಕೆಂಪು ಬಣ್ಣ, ಅವನಿಗೆ ಭಾಳ ಇಷ್ಟ. ಜಾತ್ರೆ ಮುಗೀತು, ಫ್ಲೆಕ್ಸ್ ಬಿಚ್ಚಿದ್ರು, ಅವನು ಇಳೀಲೇ ಇಲ್ಲ. ಕೂತೇ ಇದ್ದ, ಬಸ್ಸು ಲಾಸ್ಟ್ ಸ್ಟಾಪ್ ಮುಟ್ಟಿ ವಾಪಸ್ ಹೊರಡೋವರೆಗೂ. ನಾವು ಮೂರು ಗಂಟೆ ಹುಡುಕಿದ್ದು, ಅವನಮ್ಮ ನನಗೊಂದು ಮಾತು ಬೈಯದೇ ಇದ್ದಿದ್ದು, ಎರಡೂ ಮರೆಯೋಕಾಗಲ್ಲ. ಗುರುತು ಅಂದ್ರೆ ಸೇತುವೆ, ದೇವಸ್ಥಾನ, ಡ್ಯಾಮ್, ಹಳೇ ಮರ. ಮರನೂ ನಮ್ ಮಳೇಲಿ ಗ್ಯಾರಂಟಿ ಇಲ್ಲ ಬಿಡಿ.

ಮಳೆಗಾಲದ್ದು ಬೇರೇನೇ ಪಾಠ. ಕಿಟಕಿ ಎಲ್ಲ ಮುಚ್ಚಿರ್ತಾರೆ, ಗಾಜಿನ ಮೇಲೆ ಮಂಜು, ಹೊರಗೆ ಡ್ಯಾಮೂ ಕಾಣಲ್ಲ ಆನೆನೂ ಕಾಣಲ್ಲ. ಬೇಸಿಗೇಲಿ ಚೆನ್ನಾಗಿ ಕಲಿತ ಮಕ್ಕಳು ಜುಲೈನಲ್ಲಿ ತಬ್ಬಿಬ್ಬಾಗೋದು ಇದಕ್ಕೇ. ಅದಕ್ಕೆ ಮೊದಲಿಂದನೇ ಎರಡು ದಾರಿ ಕಲಿಸಿ, ಒಂದು ಕಣ್ಣಲ್ಲಿ ಗುರುತು, ಇನ್ನೊಂದು ಹತ್ತಿದ ಕೂಡ್ಲೇ ಕಂಡಕ್ಟರಿಗೆ "ಮಂಡಗದ್ದೆ ಬಂದಾಗ ಹೇಳಿ ಅಣ್ಣ" ಅನ್ನೋದು. ಮಾತು ಬರದ ಮಕ್ಕಳಿಗೆ ಅದೇ ಸಾಲು ಬರೆದ ಒಂದು ಕಾರ್ಡ್, ಹಿಂದೆ ಮನೆ ನಂಬರ್. ಕಾರ್ಡನ್ನ ಕುತ್ತಿಗೆಗೆ ನೇತು ಹಾಕ್ಬೇಡಿ, ಜೇಬಲ್ಲಿರ್ಲಿ, ಊರಿಗೆಲ್ಲ ತೋರಿಸೋದು ಯಾಕೆ. ಫೋನ್ ಕೊಟ್ಟಿದೀವಲ್ಲ ಅಂತ ನಂಬ್ಕೊಂಡು ಕೂರ್ಬೇಡಿ, ಈ ಘಾಟಿ ರಸ್ತೇಲಿ ಸಿಗ್ನಲ್ ಎಲ್ಲಿ ಹೋಗತ್ತೆ ಎಲ್ಲಿ ಬರತ್ತೆ ಅಂತ ನಿಮಗೇ ಗೊತ್ತು. ಬಸ್ ತಪ್ಪಿದ್ರೆ ಏನು, ಬೇರೆ ಬಸ್ ಹತ್ತಿದ್ರೆ ಏನು, ಇದನ್ನ ಬೇಕಂತಲೇ ಒಂದಿನ ತಪ್ಪಿಸಿ ಕಲಿಸಿ, ನೀವು ದೂರದಲ್ಲಿ ನಿಂತಿರಿ.

ಪಾಸಿನ ವಿಷಯ ಚುಟುಕಾಗಿ ಹೇಳ್ತೀನಿ. ಅಂಗವಿಕಲರ ರಿಯಾಯಿತಿ ಪಾಸು ಸರ್ಕಾರಿ ಬಸ್ಸಿಗೆ, ಮನೆಯಿಂದ 100 ಕಿಲೋಮೀಟರ್ ಒಳಗೆ. ಹೆಣ್ಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದ್ದೇ ಇದೆ. ಆದ್ರೆ ಮಲೆನಾಡಿನ ಒಳಗಿನ ಎಷ್ಟೋ ರೂಟಲ್ಲಿ ಓಡೋದು ಪ್ರೈವೇಟ್ ಬಸ್ಸು, ಅಲ್ಲಿ ಟಿಕೆಟ್ ದುಡ್ಡು ಕೊಡ್ಲೇಬೇಕು. ಯಾವ ಬಸ್ಸಲ್ಲಿ ಕಾರ್ಡ್ ತೋರಿಸೋದು, ಯಾವುದ್ರಲ್ಲಿ ನೋಟು ಕೊಡೋದು, ಅದನ್ನೂ ಸೇರಿಸಿ ಕಲಿಸಿ. ರೈಲಲ್ಲಿ ಬುದ್ಧಿಮಾಂದ್ಯತೆ ಇರೋರು ಜೊತೆಗೊಬ್ರನ್ನ ಕರ್ಕೊಂಡು ಹೋಗೋದಾದ್ರೆ ಇಬ್ರಿಗೂ ಸೆಕೆಂಡ್ ಕ್ಲಾಸ್, ಸ್ಲೀಪರಲ್ಲೆಲ್ಲ 75 ಪರ್ಸೆಂಟ್ ರಿಯಾಯಿತಿ ಇದೆ.

ಯಾರೂ ಬಾಯಿ ಬಿಡದ ವಿಷಯ

ಮೈ ಬೆಳೆಯೋದು ಐಕ್ಯೂ ಕೇಳ್ಕೊಂಡಲ್ಲ. ಹದಿನೇಳರ ಹುಡುಗ ಸಿಕ್ಕವ್ರನ್ನೆಲ್ಲ ತಬ್ಕೊಂಡ್ರೆ ಮನೆಯವ್ರು "ಮಗು ಥರ" ಅಂತಾರೆ, ಬಸ್‌ಸ್ಟ್ಯಾಂಡಲ್ಲಿ ಅದೇ ಮಾಡಿದ್ರೆ ಹೊಡೆತ ಬೀಳತ್ತೆ. ನಮಸ್ಕಾರ, ಹೆಚ್ಚಂದ್ರೆ ಕೈ ಕುಲುಕೋದು, ತಬ್ಕೊಳೋದು ಮನೆಯವ್ರನ್ನ ಮಾತ್ರ. ಇದಕ್ಕೆ ಮೊದಲು ನೆಂಟರನ್ನ ಸರಿ ಮಾಡ್ಬೇಕು, ಬಂದವ್ರೆಲ್ಲ ಕೆನ್ನೆ ಹಿಂಡೋದು, ತೊಡೆ ಮೇಲೆ ಕೂರಿಸ್ಕೊಳೋದು ನಿಲ್ಲಿಸ್ಬೇಕು. ಬಾಗಿಲು ಹಾಕ್ಕೊಂಡು ಮಾಡೋದು ಯಾವುದು, ಎಲ್ರ ಮುಂದೆ ಮಾಡಬಹುದಾದ್ದು ಯಾವುದು, ಇದನ್ನ ಮನೆಯ ಕೋಣೆ ಕೋಣೆ ತೋರಿಸಿ ಕಲಿಸಿ. ಮೈಯಿನ ಭಾಗಗಳಿಗೆ ಸರಿಯಾದ ಹೆಸರು ಹೇಳ್ಕೊಡಿ, ನಾಚ್ಕೋಬೇಡಿ, ಹೆಸರು ಗೊತ್ತಿಲ್ಲದ ಮಗು ಯಾರೋ ಮುಟ್ಟಿದ್ರು ಅಂತ ಹೇಳೋಕಾದ್ರೂ ಹೆಂಗೆ ಹೇಳತ್ತೆ? 18ರ ಒಳಗಿನವ್ರಿಗೆ ಪೋಕ್ಸೋ ಕಾಯ್ದೆ ಇದೆ, ಮಕ್ಕಳ ಸಹಾಯವಾಣಿ 1098 ಇದೆ, ಆದ್ರೆ ಮೊದಲು ಬಾಯಲ್ಲಿ ಮಾತಿರ್ಬೇಕು.

ಹೆಣ್ಮಕ್ಕಳ ಅಮ್ಮಂದಿರು ಒಂದಲ್ಲ ಒಂದು ದಿನ ಪಿಸುಮಾತಲ್ಲಿ ಕೇಳ್ತಾರೆ, ಮುಟ್ಟಿನ ತಾಪತ್ರಯ ಬೇಡ, ಗರ್ಭಕೋಶ ತೆಗೆಸಿಬಿಡೋದಾ ಅಂತ. ಅವರ ಸುಸ್ತು ನನಗೆ ಅರ್ಥ ಆಗತ್ತೆ, ಮಳೆಗಾಲದಲ್ಲಿ ಬಟ್ಟೆ ಒಣಗಲ್ಲ, ಸಹಾಯಕ್ಕೆ ಯಾರೂ ಇಲ್ಲ. ಆದ್ರೂ ಬೇಡ ಅಂತೀನಿ. ಅವಳ ಒಪ್ಪಿಗೆ ಇಲ್ಲದೇ ಮಕ್ಕಳಾಗದ ಹಂಗೆ ಮಾಡೋ ಚಿಕಿತ್ಸೆ ಮಾಡ್ಬಾರ್ದು ಅಂತ 2016ರ ಕಾಯ್ದೆಯ 10ನೇ ಸೆಕ್ಷನ್ ಹೇಳತ್ತೆ. ಅದೂ ಅಲ್ದೇ ಗರ್ಭಕೋಶ ತೆಗೆದ್ರೆ ದೌರ್ಜನ್ಯ ನಿಲ್ಲಲ್ಲ, ಆಗಿದ್ದು ಗೊತ್ತಾಗೋದು ಮಾತ್ರ ನಿಲ್ಲಬಹುದು. ಪ್ಯಾಡ್ ಬದಲಾಯಿಸೋದು ಕಲಿಸೋಕಾಗತ್ತೆ. ಮುಟ್ಟಿಲ್ಲದ ದಿನಗಳಲ್ಲೇ ಪ್ರಾಕ್ಟೀಸ್ ಮಾಡ್ಸಿ, ಪ್ಯಾಡ್ ಅಂಟಿಸೋ ಜಾಗಕ್ಕೆ ಒಳಉಡುಪಿನ ಮೇಲೆ ದಾರದಲ್ಲಿ ಗುರುತು ಹೊಲಿದಿಡಿ, ಕುಕ್ಕರಿನ ಅನ್ನಕ್ಕೆ ಹೇಳಿದ್ನಲ್ಲ ಅದೇ ರೀತಿ, ಕಾಗದದಲ್ಲಿ ಸುತ್ತಿ ಬುಟ್ಟಿಗೆ ಹಾಕೋ ಕೊನೇ ಹೆಜ್ಜೆಯಿಂದ ಶುರು. ನಮ್ಮಲ್ಲಿ ಮಾತೇ ಬರದ ಹುಡುಗಿ ಕೂಡ ಏಳೆಂಟು ತಿಂಗಳಲ್ಲಿ ಕಲಿತಿದಾಳೆ.

ಆರೋಗ್ಯದ ಬಗ್ಗೆ ಇನ್ನೊಂದೆರಡು. ಫಿಟ್ಸ್ ಮಾತ್ರೆ ತಗೊಳೋ ಮಕ್ಕಳಿಗೆ ತಮ್ಮ ಮಾತ್ರೆ ಯಾವ ಬಣ್ಣ, ಯಾವ ಹೊತ್ತಿಗೆ ಅನ್ನೋದು ಗೊತ್ತಿರ್ಲಿ, ವಾರದ ಡಬ್ಬಿಗೆ ಭಾನುವಾರ ಅವರ ಕೈಯಲ್ಲೇ ತುಂಬಿಸಿ. ಡಾಕ್ಟರ್ ಹತ್ರ ಹೋದಾಗ ಮೊದಲ ಮಾತು ಅವರದ್ದಾಗ್ಲಿ. ಶಾಲೆಗೆ ಬಂದು ನೋಡೋ ಸರ್ಕಾರದ ಆರೋಗ್ಯ ತಪಾಸಣೆ (ಆರ್‌ಬಿಎಸ್‌ಕೆ) 18ರ ತನಕ ಮಾತ್ರ, ಮಕ್ಕಳ ಡಾಕ್ಟರೂ ಆಮೇಲೆ ದೊಡ್ಡವರ ಡಾಕ್ಟರ್ ಹತ್ರ ಕಳಿಸ್ತಾರೆ, ಹಳೇ ಫೈಲು ಒಟ್ಟು ಮಾಡಿಟ್ಕೊಳಿ. ಕಾಡಂಚಿನ ಮಕ್ಕಳಿಗೆ ಡಿಸೆಂಬರಿಂದ ಮೇ ತನಕ ಮಂಗನ ಕಾಯಿಲೆ ಕಾಲ, ಆರೋಗ್ಯ ಇಲಾಖೆಯವ್ರು ಕೊಡೋ ಎಣ್ಣೆ ಹಚ್ಕೊಂಡು ಕಾಡಿಗೆ ಹೋಗೋದು, ಬಂದ ಕೂಡ್ಲೇ ಬಟ್ಟೆ ಬಿಸಿನೀರಿಗೆ ಹಾಕಿ ಮೈಮೇಲೆ ಉಣುಗು ಇದ್ಯಾ ನೋಡ್ಕೊಳೋದು, ಸತ್ತ ಮಂಗ ಕಂಡ್ರೆ ಹತ್ರ ಹೋಗದೇ ದೊಡ್ಡವ್ರಿಗೆ ಹೇಳೋದು, ಇದೂ ಲೈಫ್ ಸ್ಕಿಲ್ಲೇ. ಯಾವ ಪುಸ್ತಕದಲ್ಲೂ ಇರಲ್ಲ ಅಷ್ಟೇ.

ಓದು, ಕೆಲಸ

ಓದೋ ಆಸೆ, ಶಕ್ತಿ ಇರೋರಿಗೆ ಎನ್‌ಐಒಎಸ್ ಅನ್ನೋ ಮುಕ್ತ ಶಾಲೆ ಇದೆ, ಒಂದ್ಸಲ ಸೇರಿದ್ರೆ 5 ವರ್ಷ ಟೈಮು, 9 ಸಲ ಪರೀಕ್ಷೆ ಕಟ್ಟಬಹುದು, ಒಂದೊಂದೇ ಸಬ್ಜೆಕ್ಟ್ ಮುಗಿಸಬಹುದು. ಬರೆಯೋಕೆ ಕಷ್ಟ ಆಗೋರು ಸ್ಕ್ರೈಬ್, ಅಂದ್ರೆ ಅವರು ಹೇಳಿದ್ದನ್ನ ಬರೆಯೋರನ್ನ ಕೇಳಬಹುದು, ಗಂಟೆಗೆ 20 ನಿಮಿಷ ಹೆಚ್ಚಿನ ಟೈಮ್ ಕೇಳಬಹುದು. ಆದ್ರೆ ಬರೀ ಸರ್ಟಿಫಿಕೇಟಿಗೋಸ್ಕರ ಈ ಎರಡು ವರ್ಷ ಪೂರ್ತಿ ಸುರೀಬೇಡಿ, ಇದು ನನ್ನ ಅಭಿಪ್ರಾಯ, ಜಗಳಕ್ಕೆ ಬರೋರು ಬರಬಹುದು.

ಕೆಲಸಕ್ಕೆ ಇಂಗ್ಲೆಂಡಲ್ಲಿ ಸಪೋರ್ಟೆಡ್ ಇಂಟರ್ನ್‌ಶಿಪ್ ಅಂತ ಮಾಡ್ತಾರೆ, ಹುಡುಗರು ನಿಜವಾದ ಆಫೀಸು, ಆಸ್ಪತ್ರೆ, ಅಂಗಡೀಲಿ ಕೆಲಸ ಮಾಡ್ತಾ ಕಲೀತಾರೆ, ಜೊತೆಗೊಬ್ಬ ಜಾಬ್ ಕೋಚ್ ಇರ್ತಾನೆ, ಬರ್ತಾ ಬರ್ತಾ ಅವನು ಹಿಂದೆ ಸರೀತಾನೆ. ನಮ್ಮಲ್ಲಿ ಕೋಚ್ ಅಂದ್ರೆ ಸೋದರಮಾವನೋ ನಾವೋ. ವಾರಕ್ಕೆರಡು ದಿನ, ದಿನಕ್ಕೆ ಎರಡು ಗಂಟೆ, ಮೂರು ಬೇರೆ ಬೇರೆ ಜಾಗ ಟ್ರೈ ಮಾಡ್ಸಿ, ಬೇಕರಿ, ನರ್ಸರಿ, ಜೆರಾಕ್ಸ್ ಅಂಗಡಿ, ಯಾವುದಾದ್ರೂ. ಮೊಂಬತ್ತಿ, ಪೇಪರ್ ಕವರು ಮಾತ್ರ ಯಾಕೆ ಯಾವಾಗ್ಲೂ? ಊರಲ್ಲಿ ಯಾರು ಕೊಳ್ತಾರೆ ಅಷ್ಟು ಮೊಂಬತ್ತಿ, ಕರೆಂಟ್ ಹೋದ್ರೂ ಈಗ ಎಲ್ರ ಮನೇಲಿ ಯುಪಿಎಸ್ಸು.

ನಮ್ಮ ಸೀಮೇಲಿ ಅಡಿಕೆ ಸುಗ್ಗಿಯಷ್ಟು ಒಳ್ಳೇ ಟ್ರೈನಿಂಗ್ ಸೆಂಟರ್ ಇನ್ನೊಂದಿಲ್ಲ. ಒಂದೇ ಥರದ ಕೆಲಸ, ಸುತ್ತ ಜನ, ಮಾತುಕತೆ, ಹೊತ್ತೊತ್ತಿಗೆ ಕಾಫಿ. ಸುಲಿಯೋ ಮೆಟ್ಟುಗತ್ತಿ ಎಲ್ರ ಕೈಗೂ ಆಗಲ್ಲ, 18ರ ಒಳಗೆ ಅದರ ಹತ್ರ ಬಿಡಲೂಬಾರ್ದು. ಆದ್ರೆ ಅಡಿಕೆ ಹೆಕ್ಕೋದು, ಹರವೋದು, ಮಳೆ ಮೋಡ ಬಂದ್ರೆ ಬಾಚೋದು, ಒಡಕು ಆರಿಸೋದು ಇದೆಯಲ್ಲ. ಆಟಿಸಂ ಇರೋ ಒಬ್ಬ ಹುಡುಗ, ಕ್ಲಾಸಲ್ಲಿ ಹತ್ತು ನಿಮಿಷ ಕೂರದವನು, ಅಂಗಳದಲ್ಲಿ ಬೆಟ್ಟೆ ಅನ್ನೋ ದರ್ಜೆಯ ಅಡಿಕೆ ರಾಶಿ ಆರಿಸೋಕೆ ಕೂತ್ರೆ ಎರಡು ಗಂಟೆ ತಲೆ ಎತ್ತಲ್ಲ, ಬೇರೆ ದರ್ಜೆಯ ಒಂದು ಗೊರಬಲು ತಪ್ಪಿ ಸೇರಿದ್ರೆ ಅವನಿಗೆ ತಡಿಯಲ್ಲ. ಅವನ ಅಪ್ಪ ಮೊದಲು ಇವನನ್ನ ಸುಗ್ಗಿ ಟೈಮಲ್ಲಿ ಒಳಗೆ ಕೂಡಿ ಹಾಕ್ತಿದ್ರಂತೆ, ಜನ ಬರ್ತಾರೆ ಅಂತ.

ಕೆಲಸ ಬರೋದು ಅರ್ಧ, ಇನ್ನರ್ಧ ಬೇರೆ ವಿಷಯ, ಕೆಲಸ ಮುಗೀತು ಅಂತ ಹೋಗಿ ಹೇಳೋದು, ಬಾತ್‌ರೂಮ್ ಎಲ್ಲಿ ಅಂತ ಕೇಳೋದು, ಬೈದ್ರೆ ಮನೆಗೆ ಓಡಿ ಬರದೇ ಇರೋದು, ಆಗಲ್ಲ ಅಂತ ಹೇಳೋದು. ಆಗಲ್ಲ ಅನ್ನೋದನ್ನ ಕಲಿಸೋಕೆ ನಾವೆಲ್ಲ ಹಿಂದೆ ಮುಂದೆ ನೋಡ್ತೀವಿ, ಹೇಳಿದ್ದು ಕೇಳೋ ಮಗುನೇ ಒಳ್ಳೇ ಮಗು ನಮಗೆ. ಇನ್ನೊಂದು, ಸಂಬಳ ಹತ್ತು ರೂಪಾಯಿ ಆದ್ರೂ ಅವನ ಕೈಗೇ ಕೊಡ್ಸಿ. ನೆಂಟರ ಮನೇಲಿ ಊಟ ಹಾಕಿ ಬೆಳಗಿಂದ ಸಂಜೆ ತನಕ ದನ, ಸಗಣಿ, ನೀರು ಅಂತ ದುಡಿಸ್ಕೊಂಡು "ನಮ್ ಮನೆ ಮಗ ಇದ್ದಂಗೆ" ಅನ್ನೋದನ್ನ ಸುಮಾರು ಕಡೆ ನೋಡಿದೀನಿ, ಅದಕ್ಕೆ ಟ್ರೈನಿಂಗ್ ಅಂತ ಹೆಸರಿಡ್ಬೇಡಿ.

ಕಾಗದ ಪತ್ರ

ಇದು ಬೋರು, ಆದ್ರೆ 17ನೇ ವರ್ಷ ಮುಗಿಯೋದ್ರೊಳಗೆ ಮಾಡಿ. 15 ಆದ ಮೇಲೆ ಆಧಾರ್ ಬಯೋಮೆಟ್ರಿಕ್ ಮತ್ತೆ ಕೊಡ್ಬೇಕು, ಅದು ಆಗಿದ್ಯಾ ನೋಡಿ, ಇಲ್ಲಾಂದ್ರೆ ಮುಂದಿನ ಎಲ್ಲಾ ಕೆಲಸನೂ ಅಲ್ಲಿಗೇ ಬಂದು ನಿಲ್ಲತ್ತೆ. ಅಂಗವಿಕಲರ ಗುರುತಿನ ಚೀಟಿ, ಅಂದ್ರೆ ಯುಡಿಐಡಿ ಕಾರ್ಡ್ ತಾತ್ಕಾಲಿಕದ್ದಾಗಿದ್ರೆ ಅವಧಿ ನೋಡಿ ರಿನ್ಯೂ ಮಾಡ್ಸಿ. ಓಡಾಟಕ್ಕೆ ಗೊತ್ತಾಗ್ಲಿಲ್ಲ ಅಂದ್ರೆ ಗ್ರಾಮ ಪಂಚಾಯ್ತೀಲಿ ವಿಆರ್‌ಡಬ್ಲ್ಯೂ, ತಾಲೂಕಲ್ಲಿ ಎಂಆರ್‌ಡಬ್ಲ್ಯೂ ಅಂತ ಪುನರ್ವಸತಿ ಕಾರ್ಯಕರ್ತರು ಇರ್ತಾರೆ, ಸ್ವತಃ ಅಂಗವಿಕಲರೇ, ಯಾವ ಕೌಂಟರಲ್ಲಿ ಯಾವ ಕಾಗದ ಅಂತ ಅವ್ರಿಗೆ ಬಾಯಿಪಾಠ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ವೈಕಲ್ಯ ಈ ನಾಲ್ಕಕ್ಕೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಇದೆ, 1 ಲಕ್ಷದ ತನಕ.

18 ತುಂಬಿದ ದಿನ ಕಾನೂನು ಪ್ರಕಾರ ನೀವು ಅವನ ಗಾರ್ಡಿಯನ್ ಅಲ್ಲ. ಇದು ಕೇಳಿ ಎಲ್ರೂ ಗಾಬರಿ ಆಗ್ತಾರೆ. ಮೇಲೆ ಹೇಳಿದ ನಾಲ್ಕು ವೈಕಲ್ಯಕ್ಕೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿ ಇರೋ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಗಾರ್ಡಿಯನ್‌ಶಿಪ್ ತಗೋಬಹುದು, ಬ್ಯಾಂಕಿನವ್ರೂ ಆ ಸರ್ಟಿಫಿಕೇಟ್ ಒಪ್ತಾರೆ. ಆದ್ರೆ ಎಲ್ರಿಗೂ ಬೇಕಾಗಿಲ್ಲ. ಸಹಿ ಮಾಡೋಕೆ, ಏನಕ್ಕೆ ಮಾಡ್ತಿದೀನಿ ಅಂತ ಹೇಳೋಕೆ ಬರೋ ಮಗುವಿಗೆ ಪಾಸ್‌ಬುಕ್ ಅವನ ಹೆಸರಲ್ಲೇ ಇರ್ಲಿ, ನೀವು ಪಕ್ಕದಲ್ಲಿ ಕೂರಿ. ವೋಟೂ ಅಷ್ಟೇ. "ಇವನಿಗೆಂತ ವೋಟು" ಅಂತ ನಗ್ತಾರೆ, ಕೋರ್ಟು ಅವನನ್ನ ಅಸ್ವಸ್ಥ ಮನಸ್ಸಿನವನು ಅಂತ ಘೋಷಿಸದೇ ಇದ್ರೆ ಅವನ ಹೆಸರು ಪಟ್ಟೀಲಿ ಇರ್ಲೇಬೇಕು, ಫಾರ್ಮ್ 6 ತುಂಬಿಸಿ. ಹೋದ ಸಲ ನಮ್ಮ ಒಬ್ಬ ಹುಡುಗ ಶಾಯಿ ಹಚ್ಚಿದ ಬೆರಳನ್ನ ನಾಲ್ಕು ದಿನ ನೀರಿಗೇ ಹಾಕ್ಲಿಲ್ಲ, ಅವನಮ್ಮ ಅನ್ನ ಸ್ಪೂನಲ್ಲಿ ತಿನ್ನಿಸ್ಬೇಕಾಯ್ತು, ಮತ್ತೆ ನೋಟ್‌ಬುಕ್ಕಿಗೆ ಒಂದು ಸಾಲು ಜಾಸ್ತಿ.

ನಾವು ಹೋದ ಮೇಲೆ ಏನು ಅನ್ನೋ ಪ್ರಶ್ನೆಗೆ ಅಣ್ಣ ತಂಗಿ ನೋಡ್ಕೊಳ್ತಾರೆ ಅಂತ ನೀವೇ ಉತ್ತರ ಬರೆದುಬಿಡ್ಬೇಡಿ, ಅವರನ್ನ ಕೂರಿಸ್ಕೊಂಡು ಕೇಳಿ, ಎಷ್ಟಾಗತ್ತೆ ಎಷ್ಟಾಗಲ್ಲ ಅಂತ ಅವರ ಬಾಯಲ್ಲೇ ಬರ್ಲಿ. ಆಮೇಲೆ ಒಂದು ಪೇಜ್ ಬರೆದಿಡಿ, ಇವನಿಗೆ ಯಾವ ಮಾತ್ರೆ, ಯಾವುದಕ್ಕೆ ಹೆದರ್ತಾನೆ, ಸಿಟ್ಟು ಬಂದಾಗ ಎಂತ ಮಾಡಿದ್ರೆ ಸಮಾಧಾನ ಆಗ್ತಾನೆ, ಏನೇನು ಸ್ವಂತ ಮಾಡ್ಕೊಳ್ತಾನೆ, ಯಾವುದಕ್ಕೆ ಮಾತ್ರ ಸಹಾಯ ಬೇಕು. ನಾಳೆ ನಿಮಗೇ ಜ್ವರ ಬಂದು ಆಸ್ಪತ್ರೆ ಸೇರಿದ್ರೆ ಪಕ್ಕದ ಮನೆಯವ್ರು ಅದನ್ನ ನೋಡ್ಕೊಂಡು ಒಂದು ವಾರ ನಡೆಸೋ ಹಂಗಿರ್ಬೇಕು. ಅಡುಗೆಮನೆ ಕ್ಯಾಲೆಂಡರ್ ಪಕ್ಕ ನೇತು ಹಾಕಿ, ಆರು ತಿಂಗಳಿಗೊಂದ್ಸಲ ಬದಲಾಯಿಸಿ. ಲ್ಯಾಮಿನೇಷನ್ ಮಾಡ್ಸಿ ಮಾತ್ರ, ಜುಲೈಲಿ ನಮ್ ಗೋಡೆಗಳು ಬೆವರೋದು ಗೊತ್ತಲ್ಲ, ಒಬ್ರ ಮನೇಲಿ ಮಾತ್ರೆ ಹೆಸರಿನ ಜಾಗದಲ್ಲೇ ಬೂಷ್ಟು ಹಿಡಿದಿತ್ತು.